ಮನೆಲೆಕ್ಕದ ಮೂವರು ವರ್ತಕರು

(ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಮೂವರು ವರ್ತಕರು ಒಂದೇ ದಾರಿಯಲ್ಲಿ ಹೋಗುತ್ತಿದ್ದಾರೆ. ಮೂವರ ಬಳಿಯೂ ಒಂದಿಷ್ಟು ಹಣವಿದೆ, ಎಷ್ಟೆಂದು ಗೊತ್ತಿಲ್ಲ. ಯಾರೋ ಬೀಳಿಸಿಕೊಂಡು ಹೋದ ಹಣದ ಚೀಲವೊಂದು ಮೂವರ ಕಣ್ಣಿಗೂ ಒಟ್ಟಿಗೇ ಬೀಳುತ್ತದೆ. ಚೀಲ ತನಗೆ ಸಿಕ್ಕಿದರೆ ಉಳಿದಿಬ್ಬರ ಹಣ ಕೂಡಿದರೆ ಎಷ್ಟೋ ಅದರ ಎರಡರಷ್ಟು ತನ್ನಲ್ಲಿರುತ್ತದೆ ಎಂದು ಮೊದಲನೆಯವನು ಹೇಳುತ್ತಾನೆ. ತನಗೆ ಸಿಕ್ಕಿದರೆ ಮೂರರಷ್ಟು ಎಂದು ಎರಡನೆಯವನು, ಐದರಷ್ಟು ಎಂದು ಮೂರನೆಯವನು. ಹಾಗಾದರೆ ಚೀಲದಲ್ಲಿ ಎಷ್ಟಿತ್ತು? ಅವರವರ ಕೈಯಲ್ಲಿ ಎಷ್ಟೆಷ್ಟಿತ್ತು?

ಇದು ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದಿನ ಮನೆಲೆಕ್ಕ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬರುತ್ತದೆ. ಬಿಡಿಸುವ ದಾರಿ ಕಷ್ಟದ್ದಲ್ಲ. ಮೂವರ ಹಣ ಮತ್ತು ಚೀಲದ ಹಣ ಎಲ್ಲ ಸೇರಿ ಒಂದು ರಾಶಿ ಎಂದುಕೊಳ್ಳಿ. ಮೊದಲನೆಯವನಿಗೆ ಚೀಲ ಸಿಕ್ಕಿದರೆ ಅವನದು ಎರಡು ಪಾಲು, ಉಳಿದಿಬ್ಬರದು ಒಂದು ಪಾಲು. ಅಂದರೆ ಆ ಇಬ್ಬರ ಹಣ ರಾಶಿಯ ಮೂರನೆಯ ಒಂದು ಭಾಗ. ಇದೇ ರೀತಿ ಎರಡನೆಯವನನ್ನು ಬಿಟ್ಟು ಉಳಿದಿಬ್ಬರದು ನಾಲ್ಕನೆಯ ಒಂದು ಭಾಗ. ಮೂರನೆಯವನನ್ನು ಬಿಟ್ಟರೆ ಆರನೆಯ ಒಂದು ಭಾಗ. ರಾಶಿಯನ್ನು 24 ಎಂದು ಹಿಡಿದರೆ ಈ ಜೋಡಿಗಳು 8, 6, 4 ಆಗುತ್ತವೆ. ಮೂರನ್ನೂ ಕೂಡಿ ಅರ್ಧ ಮಾಡಿದರೆ ಮೂವರ ಒಟ್ಟು ಹಣ 9. ಒಂಬತ್ತರಲ್ಲಿ ಒಂದೊಂದು ಜೋಡಿಯನ್ನು ಕಳೆದರೆ ಅವರವರ ಹಣ 1, 3 ಮತ್ತು 5. ಚೀಲದಲ್ಲಿ ಇದ್ದದ್ದು 15. ತಾಳೆ ನೋಡಿ: ಒಂದು ಮತ್ತು ಹದಿನೈದು ಕೂಡಿ ಹದಿನಾರು, ಅದು ಎಂಟರ ಎರಡರಷ್ಟು.

ಲೆಕ್ಕ ಮುಗಿಯಿತು. ಚೀಲ ಕಳೆದುಕೊಂಡವನ ಸುದ್ದಿಯೇ ಇಲ್ಲ ಎಂಬುದು ಬೇರೆ ಮಾತು. ಗಣಿತ ಪುಸ್ತಕಗಳಲ್ಲಿ ಅಂಥವರ ಸುದ್ದಿ ಬರುವುದು ಕಡಿಮೆ.

ಕುತೂಹಲದ ಸಂಗತಿ ಎಂದರೆ ಈ ಚೀಲ ನಮ್ಮ ನಾಡಿನ ದಾರಿಯಲ್ಲಷ್ಟೇ ಬಿದ್ದಿರಲಿಲ್ಲ. ಇಟಲಿಯ ಪೀಸಾ ನಗರದ ಲಿಯೊನಾರ್ಡೋ, ಅಂದರೆ ಫಿಬೊನಾಚಿ, 1202ರಲ್ಲಿ ಬರೆದ ‘ಲಿಬೇರ್ ಅಬಾಚಿ’ಯಲ್ಲೂ ಹಣದ ಚೀಲ ಕಂಡವರ ಲೆಕ್ಕಗಳ ಒಂದು ಸಾಲೇ ಇದೆ. ಸೊನ್ನೆ ಸೇರಿದ ಭಾರತದ ಅಂಕಿಗಳನ್ನು ಯೂರೋಪಿನ ವರ್ತಕರಿಗೆ ವಿವರವಾಗಿ ಪರಿಚಯಿಸಿದ ಪುಸ್ತಕ ಅದು. ಅಪ್ಪನ ಉದ್ಯೋಗದ ನಿಮಿತ್ತ ಉತ್ತರ ಆಫ್ರಿಕದ ಬಂದರೊಂದರಲ್ಲಿ ಬೆಳೆದ ಹುಡುಗ ಅಲ್ಲಿಯೇ ಆ ಅಂಕಿಗಳನ್ನು ಕಲಿತಿದ್ದ. ಸರಕಿನ ಮೂಟೆಗಳ ಜೊತೆಗೆ ಲೆಕ್ಕಗಳೂ ಹಡಗು ಹತ್ತುತ್ತಿದ್ದವು ಎಂದರೆ ತಪ್ಪಾಗಲಾರದು.

ಗಣಿತದ ಮೇಷ್ಟ್ರಿಗೆ ವರ್ತಕನ ಮೇಲೆ ಇಷ್ಟೊಂದು ಮಮತೆ ಏಕೆ ಎಂದು ಕೇಳಬಹುದು. ಜ್ಯೋತಿಷಿಗೆ ಗ್ರಹಗತಿಯ ಲೆಕ್ಕ ಬೇಕು, ಸ್ಥಪತಿಗೆ ಅಳತೆಯ ಲೆಕ್ಕ ಬೇಕು. ಆದರೆ ಊರಿನ ತುಂಬ ಇದ್ದವರು ಕೊಡುವ ಕೊಳ್ಳುವ ಜನ. ಶಾಲೆಗೆ ಮಕ್ಕಳನ್ನು ಕಳಿಸುವ ಚೈತನ್ಯ ಇದ್ದವರೂ ಅವರೇ. ಮಹಾವೀರಾಚಾರ್ಯನ ಗ್ರಂಥದಲ್ಲಿ ತ್ರೈರಾಶಿಕಕ್ಕೆ ಒಂದು ಅಧಿಕಾರವಿದೆ. ಬಡ್ಡಿ, ಪಾಲು, ಬೆರಕೆ ಇವುಗಳಿಗೆ ‘ಮಿಶ್ರಕ ವ್ಯವಹಾರ’ವೆಂಬ ದೊಡ್ಡ ಅಧಿಕಾರವೇ ಇದೆ. 12ನೇ ಶತಮಾನದ ರಾಜಾದಿತ್ಯ ಇದನ್ನು ಕನ್ನಡಕ್ಕೇ ತಂದ. ಅವನ ಕೃತಿಯ ಹೆಸರೇ ‘ವ್ಯವಹಾರಗಣಿತ’. ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಚಿತ್ರಹಸುಗೆ’ ಮೊದಲಾದವೂ ಅವನವೇ. ಕನ್ನಡದಲ್ಲಿ ಶಾಸ್ತ್ರ ಬರೆಯಲಾಗದು ಎಂದು ಇಂದಿಗೂ ಗೊಣಗುವವರು ಒಮ್ಮೆ ಈ ಹೆಸರುಗಳನ್ನು ನೆನೆಯಬೇಕು. ಎಂಟುನೂರು ವರ್ಷಗಳ ಹಿಂದೆಯೇ ಬಡ್ಡಿಯ ಲೆಕ್ಕವನ್ನು ಕನ್ನಡ ಪದ್ಯದಲ್ಲಿ ಕೂರಿಸಿದವನೊಬ್ಬ ಇಲ್ಲಿದ್ದ.

ಮೂವರು ವರ್ತಕರು ಮತ್ತೆ ಕಾಣಿಸಿಕೊಳ್ಳುವುದು ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ, ಕಾಲ ಕ್ರಿ.ಶ. 1150. ಈ ಸಲ ಅವರು ಕೂಡು ವ್ಯಾಪಾರಕ್ಕೆ ಇಳಿದಿದ್ದಾರೆ. ಒಬ್ಬನ ಬಂಡವಾಳ 51, ಇನ್ನೊಬ್ಬನದು 68, ಮತ್ತೊಬ್ಬನದು 85. ವ್ಯಾಪಾರ ಮಾಡಿ ಅದನ್ನು 300ಕ್ಕೆ ಏರಿಸಿದ್ದಾರೆ. ಹಂಚಿಕೆ ಹೇಗೆ? ಬಂಡವಾಳ ಒಟ್ಟು 204. ಅವರವರ ಬಂಡವಾಳವನ್ನು 300ರಿಂದ ಗುಣಿಸಿ 204ರಿಂದ ಭಾಗಿಸಿದರೆ 75, 100, 125. ಸಂಖ್ಯೆಗಳು ಎಷ್ಟು ನಾಜೂಕಾಗಿ ಹೊಂದಿಕೊಂಡಿವೆ ನೋಡಿ: ಹುಡುಗನಿಗೆ ಭಿನ್ನರಾಶಿಯ ಕಾಟವಿಲ್ಲದೆ ಉತ್ತರ ಸಿಗಲೆಂದು ಆಚಾರ್ಯ ಮೊದಲೇ ಕೂತು ಅಂಕಿಗಳನ್ನು ಜೋಡಿಸಿದ್ದಾನೆ. ಇವತ್ತಿಗೂ ಪ್ರಶ್ನೆಪತ್ರಿಕೆ ತಯಾರಿಸುವ ಅಧ್ಯಾಪಕರು ಮಾಡುವುದು ಇದನ್ನೇ.

ಆದರೆ ಅದೇ ‘ಲೀಲಾವತಿ’ಯ ಬೇರೆ ಕೆಲವು ಲೆಕ್ಕಗಳು ಇಷ್ಟು ನಾಜೂಕಾಗಿಲ್ಲ. ವ್ಯಸ್ತ ತ್ರೈರಾಶಿಕಕ್ಕೆ, ಅಂದರೆ ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವ ಲೆಕ್ಕಕ್ಕೆ, ಆಚಾರ್ಯ ಕೊಡುವ ಉದಾಹರಣೆ ಹದಿನಾರು ವರ್ಷದ ಹೆಣ್ಣಿನದು. ಅವಳ ಬೆಲೆ 32 ನಿಷ್ಕವಾದರೆ ಇಪ್ಪತ್ತು ವರ್ಷದವಳ ಬೆಲೆ ಎಷ್ಟು? ಅದರ ಜೊತೆಯಲ್ಲೇ ಎರಡು ವರ್ಷ ಗೇಯ್ದ ಎತ್ತಿನ ಬೆಲೆ ನಾಲ್ಕು ನಿಷ್ಕವಾದರೆ ಆರು ವರ್ಷ ಗೇಯ್ದದ್ದರ ಬೆಲೆ ಎಷ್ಟು ಎಂಬ ಪ್ರಶ್ನೆ. ಹೆಣ್ಣಿನ ಲೆಕ್ಕಕ್ಕೆ ಉತ್ತರ ಇಪ್ಪತ್ತೈದೂ ಐದನೆಯ ಮೂರು ನಿಷ್ಕ. ಎತ್ತಿನದಕ್ಕೆ ಒಂದೂ ಮೂರನೆಯ ಒಂದು. ಇಬ್ಬರನ್ನೂ ಒಂದೇ ಸೂತ್ರಕ್ಕೆ ಕಟ್ಟಲಾಗಿದೆ. ಇದನ್ನು ಓದಿ ಬೆಚ್ಚಿ ಪುಸ್ತಕ ಮುಚ್ಚುವುದೂ ಸರಿಯಲ್ಲ, ‘ಅದು ಬರೀ ಲೆಕ್ಕ’ ಎಂದು ಜಾರಿಕೊಳ್ಳುವುದೂ ಸರಿಯಲ್ಲ. ದಾಸಿಯ ಮಾರಾಟ ಆ ಕಾಲದ ಹುಡುಗನಿಗೆ ವಿವರಣೆಯೇ ಬೇಕಿಲ್ಲದಷ್ಟು ಪರಿಚಿತವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಶಾಸನದಲ್ಲೂ ಸಿಗಲಿಕ್ಕಿಲ್ಲ. ಶಾಸನ ಬರೆಸುವವನು ತನ್ನ ಹಿರಿಮೆಯನ್ನು ಹೇಳಿಕೊಳ್ಳುತ್ತಾನೆ. ಮನೆಲೆಕ್ಕ ಬರೆಯುವವನಿಗೆ ಹೇಳಿಕೊಳ್ಳುವುದೇನೂ ಇಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಎತ್ತಿಕೊಂಡು ಅಂಕಿ ಹಾಕುತ್ತಾನೆ. ಆದ್ದರಿಂದಲೇ ಅವನು ನಂಬಿಕೆಗೆ ಅರ್ಹ.

ಬಡ್ಡಿಯ ಮಾತೂ ಹೀಗೆಯೇ. ನೂರಕ್ಕೆ ತಿಂಗಳಿಗೆ ಐದರಂತೆ 16ಕ್ಕೆ ಒಂದು ವರ್ಷದ ಬಡ್ಡಿ ಎಷ್ಟು ಎಂಬುದು ‘ಲೀಲಾವತಿ’ಯ ಪಂಚರಾಶಿಕದ ಲೆಕ್ಕ. ಉತ್ತರ ಒಂಬತ್ತೂ ಐದನೆಯ ಮೂರು. ತಿಂಗಳಿಗೆ ಐದು ಎಂದರೆ ವರ್ಷಕ್ಕೆ ನೂರಕ್ಕೆ ಅರವತ್ತು! ಇದೇನು ಅಚ್ಚಿನ ತಪ್ಪೇ ಎಂದುಕೊಳ್ಳುವ ಹಾಗಿಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ ಧರ್ಮಸಮ್ಮತವಾದ ಬಡ್ಡಿ ನೂರಕ್ಕೆ ತಿಂಗಳಿಗೆ ಒಂದೂಕಾಲು ಎನ್ನುತ್ತದೆ. ವ್ಯಾಪಾರದ ಸಾಲಕ್ಕೆ ಐದು, ಕಾಡು ದಾಟಿ ಹೋಗುವವರಿಗೆ ಹತ್ತು, ಸಮುದ್ರಯಾನದವರಿಗೆ ಇಪ್ಪತ್ತು. ಅಪಾಯ ಹೆಚ್ಚಿದಂತೆ ಬಡ್ಡಿ ಏರುತ್ತದೆ ಎಂಬ ಇಂದಿನ ಹಣಕಾಸು ಪಾಠದ ಮಾತು ಅಲ್ಲಿ ನಾಲ್ಕು ಅಂಕಿಗಳಲ್ಲಿ ಮುಗಿದುಹೋಗಿದೆ. ಹೇಳಲೇಬೇಕಾದ ಒಂದು ಮಾತು: ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನಲ್ಲಿ ಓಲೆಗರಿಗಳಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು.

ಈಗ ಇಟಲಿಗೆ ಹೋಗೋಣ. 14ನೇ ಶತಮಾನದ ಫ್ಲಾರೆನ್ಸ್ ನಗರದಲ್ಲಿ ವ್ಯಾಪಾರಿ ಲೆಕ್ಕ ಕಲಿಸುವುದಕ್ಕೆಂದೇ ಆರು ಶಾಲೆಗಳಿದ್ದವು, ಅವುಗಳಲ್ಲಿ ಸಾವಿರದಿಂದ ಸಾವಿರದ ಇನ್ನೂರು ಹುಡುಗರು ಕಲಿಯುತ್ತಿದ್ದರು ಎಂದು ಆ ಕಾಲದ ಚರಿತ್ರೆಕಾರ ಜೊವಾನ್ನಿ ವಿಲ್ಲಾನಿ ಬರೆದಿಟ್ಟಿದ್ದಾನೆ. ಅಂಥ ಶಾಲೆಗಳ ಪಾಠ ಮೊದಲು ಅಚ್ಚಿಗೆ ಬಂದದ್ದು 1478ರಲ್ಲಿ, ವೆನಿಸ್ ಬಳಿಯ ಟ್ರೆವಿಜೋ ಎಂಬ ಊರಿನಲ್ಲಿ. ಬರೆದವನ ಹೆಸರಿಲ್ಲದ ಈ ಪುಟ್ಟ ಪುಸ್ತಕ, ಯೂರೋಪಿನಲ್ಲಿ ಅಚ್ಚಾದ ಗಣಿತ ಪುಸ್ತಕಗಳಲ್ಲಿ ಇಸವಿ ಖಚಿತವಾಗಿ ಗೊತ್ತಿರುವ ಮೊದಲನೆಯದು. ಅಲ್ಲಿಯೂ ಅದೇ ಮೂವರು ವರ್ತಕರು. ಈ ಸಲ ಅವರಿಗೆ ಹೆಸರುಗಳಿವೆ: ಪಿಯೆರೋ, ಪೋಲೋ ಮತ್ತು ಜುವಾನೆ. ಹಾಕಿದ ಬಂಡವಾಳ ಕ್ರಮವಾಗಿ 112, 200 ಮತ್ತು 142 ಡ್ಯುಕಾಟು. ಬಂದ ಲಾಭ 563. ಯಾರಿಗೂ ಮೋಸವಾಗದ ಹಾಗೆ ಹಂಚಬೇಕು ಎಂಬುದು ಲೆಕ್ಕದ ಷರತ್ತು.

ಆ ಷರತ್ತನ್ನು ಅಂಕಿಗಳೂ ಹೇಳುತ್ತಿವೆ. ಭಾಸ್ಕರನ ಮೂವರಿಗೆ ಪೂರ್ಣಾಂಕಗಳು ಸಿಕ್ಕಿದ್ದವು, ಇವರಿಗೆ ಸಿಗುವುದಿಲ್ಲ. ಪಿಯೆರೋಗೆ 139ಕ್ಕೆ ಕೊಂಚ ಕಡಿಮೆ, ಪೋಲೋಗೆ 248ಕ್ಕೆ ಕೂದಲೆಳೆಯಷ್ಟು ಹೆಚ್ಚು, ಜುವಾನೆಗೆ 176ಕ್ಕೆ ಚೂರು ಹೆಚ್ಚು. ಆ ಚೂರನ್ನು ಬಿಟ್ಟುಬಿಡುವಂತಿಲ್ಲ. ಡ್ಯುಕಾಟಿಗೆ 24 ಗ್ರೋಸ್ಸೋ, ಅದರ ಕೆಳಗೆ ಇನ್ನೂ ಚಿಕ್ಕ ನಾಣ್ಯ, ಹೀಗೆ ಕೊನೆಯವರೆಗೆ ಒಡೆದು ಹಂಚಬೇಕು. ನಮ್ಮಲ್ಲಿ 1957ರ ಏಪ್ರಿಲ್ 1ಕ್ಕೆ ಮುಂಚೆ ಶಾಲೆ ಕಲಿತವರಿಗೆ ಈ ಕಷ್ಟ ಅರ್ಥವಾಗುತ್ತಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ಮೂವರು ಪಾಲುದಾರರ ಲಾಭದ ಲೆಕ್ಕ ಬಿಡಿಸುವಷ್ಟರಲ್ಲಿ ಸ್ಲೇಟು ಎರಡು ಸಲ ಒರೆಸಬೇಕಾಗುತ್ತಿತ್ತು. ಹಾಗೆಂದೇ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ದಶಮಾಂಶ ನಾಣ್ಯ ಬಂದ ಮೇಲೆ ಆ ಮಗ್ಗಿಗಳು ಕೆಲಸವಿಲ್ಲದೆ ಮನೆಗೆ ಹೋದವು.

ಇದಾದ ಹದಿನಾರು ವರ್ಷಗಳಿಗೆ, 1494ರಲ್ಲಿ, ವೆನಿಸ್ಸಿನಲ್ಲಿ ಅಚ್ಚಾದದ್ದು ಲೂಕಾ ಪಚೋಲಿಯ ‘ಸುಮ್ಮಾ’. ಪಚೋಲಿ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ, ಗಣಿತದ ಮೇಷ್ಟ್ರು, ಲಿಯೊನಾರ್ಡೋ ದ ವಿಂಚಿಯ ಸ್ನೇಹಿತ. ಆತನ ದಪ್ಪ ಗ್ರಂಥದಲ್ಲಿ ಒಂದು ಪ್ರಸಿದ್ಧ ತಪ್ಪು ಇದೆ. ಮೊದಲು ಅದನ್ನೇ ನೋಡುವುದು ಒಳ್ಳೆಯದು, ಏಕೆಂದರೆ ಪುಸ್ತಕದ ಹಿಂದಿನ ಪುಟದ ಉತ್ತರವನ್ನು ವೇದವಾಕ್ಯವೆಂದು ನಂಬುವ ವಿದ್ಯಾರ್ಥಿಗಳಿಗೆ ಅದು ಧೈರ್ಯ ಕೊಡುತ್ತದೆ. ಎರಡು ತಂಡಗಳು ಚೆಂಡಾಟ ಆಡುತ್ತಿವೆ. ಒಂದೊಂದು ಗೆಲುವಿಗೆ 10 ಅಂಕ. ಮೊದಲು 60 ಮುಟ್ಟಿದವರಿಗೆ ಪಣದ ಹಣ. ಒಂದು ತಂಡ 50, ಇನ್ನೊಂದು 20 ಗಳಿಸಿದಾಗ ಯಾವುದೋ ಕಾರಣಕ್ಕೆ ಆಟ ನಿಂತುಹೋಗುತ್ತದೆ. ಪಣವನ್ನು ಹಂಚುವುದು ಹೇಗೆ? ಪಚೋಲಿ ಇದನ್ನು ಪಾಲುಗಾರಿಕೆಯ ಲೆಕ್ಕದಂತೆಯೇ ಕಂಡ. ಐವತ್ತು, ಇಪ್ಪತ್ತು ಇವು ಅವರವರ ‘ಬಂಡವಾಳ’. ಆದ್ದರಿಂದ ಏಳರಲ್ಲಿ ಐದು ಪಾಲು ಒಬ್ಬರಿಗೆ, ಎರಡು ಪಾಲು ಇನ್ನೊಬ್ಬರಿಗೆ.

ನೋಡುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಯೋಚಿಸಿ: ಮುಂದಿರುವ ತಂಡಕ್ಕೆ ಬೇಕಾಗಿರುವುದು ಇನ್ನೊಂದೇ ಗೆಲುವು. ಹಿಂದುಳಿದವರು ಸತತವಾಗಿ ನಾಲ್ಕು ಸಲ ಗೆಲ್ಲಬೇಕು. ಎರಡೂ ತಂಡ ಸಮಬಲದ್ದು ಎಂದುಕೊಂಡರೆ ಹಾಗಾಗುವ ಸಂಭವ ಹದಿನಾರರಲ್ಲಿ ಒಂದು. ಆದ್ದರಿಂದ ಹಂಚಿಕೆ 15ಕ್ಕೆ 1 ಆಗಬೇಕೇ ಹೊರತು 5ಕ್ಕೆ 2 ಅಲ್ಲ. ಆಗಿಹೋದದ್ದನ್ನು ಎಣಿಸುವುದಲ್ಲ, ಆಗಬೇಕಾದದ್ದನ್ನು ತೂಗಬೇಕು. ಕಾರ್ಡಾನೋ 1539ರಲ್ಲಿ, ಟಾರ್ಟಾಲಿಯಾ 1556ರಲ್ಲಿ ಪಚೋಲಿಯ ಉತ್ತರ ಸರಿಯಿಲ್ಲವೆಂದರು; ಅವರಿಗೂ ಸರಿಯುತ್ತರ ದಕ್ಕಲಿಲ್ಲ. ಕಡೆಗೆ ಪಾಸ್ಕಲ್ ಮತ್ತು ಫೆರ್ಮಾ 1654ರಲ್ಲಿ ಕಾಗದ ಬರೆದುಕೊಂಡು ಈ ಗಂಟನ್ನು ಬಿಡಿಸಿದರು. ಸಂಭವನೀಯತೆಯ ಗಣಿತ ಬೇರೂರಿದ್ದು ಅಲ್ಲಿಂದ. ವಿಮಾ ಕಂತಿನ ಲೆಕ್ಕ ಇಂದಿಗೂ ನಿಂತಿರುವುದು ಅದರ ಮೇಲೆಯೇ. ಮನೆಲೆಕ್ಕವೊಂದಕ್ಕೆ ಉತ್ತರ ಸಿಗಲು 160 ವರ್ಷ ಹಿಡಿಯಿತು.

ಆದರೆ ‘ಸುಮ್ಮಾ’ ಇಂದು ನೆನಪಿನಲ್ಲಿ ಉಳಿದಿರುವುದು ಬೇರೊಂದು ಭಾಗದಿಂದ: ಜೋಡಿ ನಮೂದಿನ ಲೆಕ್ಕಪದ್ಧತಿಯ 36 ಅಧ್ಯಾಯಗಳು. ಪಚೋಲಿ ಅದನ್ನು ಕಂಡುಹಿಡಿದವನಲ್ಲ. ಜಿನೋವಾ ನಗರಸಭೆಯ 1340ರ ಲೆಕ್ಕದ ಪುಸ್ತಕಗಳಲ್ಲೇ ಆ ಪದ್ಧತಿ ಇದೆ; ಬೆನೆದೆತ್ತೋ ಕೊಟ್ರುಲಿ 1458ರಲ್ಲಿ ಅದರ ಬಗ್ಗೆ ಬರೆದಿದ್ದ, ಆದರೆ ಅವನ ಹಸ್ತಪ್ರತಿ ಅಚ್ಚಾಗುವ ಹೊತ್ತಿಗೆ 1573 ಬಂದಿತ್ತು. ಪಚೋಲಿ ಮಾಡಿದ್ದು ಮೇಷ್ಟ್ರ ಕೆಲಸ; ವರ್ತಕರು ಬಳಸುತ್ತಿದ್ದುದನ್ನು ಕ್ರಮವಾಗಿ ಜೋಡಿಸಿ ಅಚ್ಚಿಗೆ ಕೊಟ್ಟ. ಮೊದಲು ನಿನ್ನಲ್ಲಿರುವುದನ್ನೆಲ್ಲ ಪಟ್ಟಿ ಮಾಡು. ಆಮೇಲೆ ಕಚ್ಚಾ ಪುಸ್ತಕ, ರೋಜುನಾಮೆ, ಖಾತೆ ಪುಸ್ತಕ ಎಂದು ಮೂರನ್ನು ಇಡು. ಪುಸ್ತಕದ ಮೇಲೆ ಶಿಲುಬೆಯ ಗುರುತು ಹಾಕಿ ದೇವರ ಹೆಸರಿನಲ್ಲಿ ಆರಂಭಿಸು ಎಂಬುದು ಅವನ ಉಪದೇಶ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ‘ಶ್ರೀ’ ಬರೆಯುವ ನಮ್ಮ ಅಂಗಡಿಯವರಿಗೆ ಈ ಸನ್ಯಾಸಿ ಪರಕೀಯನೆನಿಸಲಾರ.

ವಾಣಿಜ್ಯದ ಮೊದಲ ವರ್ಷದ ಹುಡುಗ ಹುಡುಗಿಯರು ಎಡವುವುದು ಇಲ್ಲಿಯೇ. ಹಣ ಒಳಗೆ ಬಂದರೆ ನಗದು ಖಾತೆಗೆ ಡೆಬಿಟ್. ಆದರೆ ಬ್ಯಾಂಕಿಗೆ ಹಣ ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್! ಮನೆಯಲ್ಲಿ ಅಜ್ಜನ ಕಿರ್ದಿ ಪುಸ್ತಕ ತೆಗೆದರೆ ಬಂದ ಹಣವೆಲ್ಲ ಎಡಗಡೆ ‘ಜಮಾ’ ಎಂದಿದೆ. ಜಮಾ ಎಂದರೆ ಕ್ರೆಡಿಟ್ ಎಂದು ಪುಸ್ತಕ ಹೇಳುತ್ತದೆ. ಯಾವುದು ನಿಜ?

ಎಲ್ಲವೂ ನಿಜ. ಹಳೆಯ ಇಟಲಿಯ ಖಾತೆ ಪುಸ್ತಕಗಳಲ್ಲಿ ಒಬ್ಬೊಬ್ಬ ಗಿರಾಕಿಯ ಹೆಸರಿನಲ್ಲಿ ‘ಕೊಡತಕ್ಕದ್ದು’, ‘ಪಡೆಯತಕ್ಕದ್ದು’ ಎಂದು ಎರಡು ಭಾಗ ಇರುತ್ತಿದ್ದವು. ಅವನು ಅಂಗಡಿಗೆ ಕೊಡಬೇಕಾದ್ದು ಡೆಬಿಟ್. ಅಂಗಡಿಯಿಂದ ಅವನಿಗೆ ಬರಬೇಕಾದ್ದು ಕ್ರೆಡಿಟ್. ಮೊದಲ ಪದದ ಲ್ಯಾಟಿನ್ ಮೂಲದಲ್ಲಿ ಋಣವಿದೆ, ಎರಡನೆಯದರ ಮೂಲದಲ್ಲಿ ನಂಬಿಕೆಯಿದೆ. ಈಗ ಗಲ್ಲಾಪೆಟ್ಟಿಗೆಯನ್ನೂ ಒಬ್ಬ ಮನುಷ್ಯನೆಂದು ಭಾವಿಸಿ. ಅವನ ಕೈಗೆ ಸಾವಿರ ರೂಪಾಯಿ ಕೊಟ್ಟಿದ್ದೀರಿ, ಅವನು ನಿಮಗೆ ಸಾವಿರ ಕೊಡತಕ್ಕವನು, ಆದ್ದರಿಂದ ಡೆಬಿಟ್. ಪಾಸ್‌ಬುಕ್ ನಿಮ್ಮ ಪುಸ್ತಕವಲ್ಲ, ಬ್ಯಾಂಕಿನ ಪುಸ್ತಕದ ನಕಲು. ಅಲ್ಲಿ ನೀವು ಬ್ಯಾಂಕಿನಿಂದ ಪಡೆಯತಕ್ಕವರು, ಆದ್ದರಿಂದ ಕ್ರೆಡಿಟ್. ಅಜ್ಜನ ಕಿರ್ದಿಯಲ್ಲಿ ‘ಸೋಮಣ್ಣನಿಗೆ ಜಮಾ’ ಎಂದು ಬರೆದಿರುವುದು ಗಲ್ಲಾಪೆಟ್ಟಿಗೆಯ ಹೆಸರಿನಲ್ಲಲ್ಲ, ಹಣ ತಂದುಕೊಟ್ಟ ಸೋಮಣ್ಣನ ಹೆಸರಿನಲ್ಲಿ. ಕೊಟ್ಟವನಿಗೆ ಕ್ರೆಡಿಟ್ ಎಂಬ ಇಂಗ್ಲಿಷ್ ಪುಸ್ತಕದ ನಿಯಮವೂ ಅದೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿರುವುದು ಕೊಟ್ಟವನ ಹೆಸರಿನಲ್ಲಿ ಜಮಾ ಬರೆಯದ ಜಾಗದಲ್ಲಿ.

ಆ ಹಳೆಯ ಪುಸ್ತಕಗಳ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಕಾಗದ ಅಗ್ಗವಾಗುವ ಮೊದಲು ಲೆಕ್ಕ ಇಡುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದಂತೆ ಮಾಡುತ್ತಿದ್ದರು. ಕಪ್ಪು ಹಾಳೆಯ ಮೇಲೆ ಬಳಪದಿಂದ ಬಿಳಿಯ ಬರಹ. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಸರಕಾರಿ ಕಚೇರಿಯಲ್ಲಿ ಇಂದು ‘ಕಡತ ವಿಲೇವಾರಿ ಆಗಿಲ್ಲ’ ಎನ್ನುವಾಗ ಬಳಸುವ ಪದ ಇದೇ. ಕಡತಕ್ಕೆ ಒಂದು ಗುಣ, ಅದೇ ಒಂದು ದೋಷ: ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಬರೆಯುವವನ ಪಕ್ಕದಲ್ಲಿ ಓದಲು ಬಾರದ ಸಾಲಗಾರ ಕೂತಿದ್ದರೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಕಿಯ ಮೇಲೆ ಗೀಚಿ ತಿದ್ದಬಾರದು, ತಪ್ಪಾದರೆ ಇನ್ನೊಂದು ನಮೂದು ಹಾಕಿ ಸರಿಪಡಿಸಬೇಕು ಎಂದು ಅಧ್ಯಾಪಕರು ಪಟ್ಟು ಹಿಡಿಯುವುದು ಬರೀ ಚೊಕ್ಕತನಕ್ಕಲ್ಲ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಪಠ್ಯಪುಸ್ತಕದ ಗೋಪಾಲ 50,000 ರೂಪಾಯಿ ನಗದು ತಂದು ಅಂಗಡಿ ತೆರೆಯುತ್ತಾನೆ. ಕೇಶವನಿಂದ 20,000ದ ಸರಕನ್ನು ಸಾಲವಾಗಿ ತರುತ್ತಾನೆ. ಅದರಲ್ಲಿ 12,000ದ ಸರಕನ್ನು 15,000ಕ್ಕೆ ನಗದು ಮಾರುತ್ತಾನೆ. ಅಂಗಡಿ ಬಾಡಿಗೆ 1,000 ಕೊಡುತ್ತಾನೆ. ಮನೆ ಖರ್ಚಿಗೆಂದು 2,000 ತೆಗೆದುಕೊಳ್ಳುತ್ತಾನೆ.

ತಿಂಗಳ ಕೊನೆಗೆ ಗೋಪಾಲ ಗಲ್ಲಾಪೆಟ್ಟಿಗೆ ತೆರೆಯುತ್ತಾನೆ. ಐವತ್ತಕ್ಕೆ ಹದಿನೈದು ಕೂಡಿ ಮೂರು ಕಳೆದರೆ 62,000. ತಂದದ್ದು ಐವತ್ತು, ಇರುವುದು ಅರವತ್ತೆರಡು, ಮನೆಯನ್ನೂ ನಡೆಸಿದ್ದಾಯಿತು. ಗೋಪಾಲನಿಗೆ ಖುಷಿ. ಊರಿನ ಎಷ್ಟೋ ಅಂಗಡಿಗಳು ಮುಳುಗಿರುವುದು ಈ ಖುಷಿಯಿಂದಲೇ.

ಈಗ ಪುಸ್ತಕ ಏನು ಹೇಳುತ್ತದೆ? ನಗದು 62,000, ಉಳಿದ ಸರಕು 8,000. ಆಸ್ತಿ ಒಟ್ಟು 70,000. ಅದರಲ್ಲಿ ಕೇಶವನಿಗೆ ಕೊಡಬೇಕಾದ್ದು 20,000. ಉಳಿದದ್ದು 50,000 ಮಾತ್ರ ಗೋಪಾಲನದು. ಇನ್ನೊಂದು ಕಡೆಯಿಂದ ಬಂದರೂ ಅಷ್ಟೇ. ಸರಕಿನ ಮೇಲಿನ ಲಾಭ 3,000, ಬಾಡಿಗೆ ಕಳೆದರೆ 2,000. ಬಂಡವಾಳಕ್ಕೆ ಅದನ್ನು ಕೂಡಿಸಿ ಮನೆಗೆ ಒಯ್ದ 2,000 ಕಳೆದರೆ ಮತ್ತೆ 50,000. ಅಂದರೆ ಗೋಪಾಲ ದುಡಿದದ್ದನ್ನೆಲ್ಲ ಉಂಡಿದ್ದಾನೆ. ಗಲ್ಲಾದಲ್ಲಿ ಹೆಚ್ಚಾಗಿ ಕಾಣುವ ಹನ್ನೆರಡು ಸಾವಿರ ಕೇಶವನದು. ಪೆಟ್ಟಿಗೆ ಒಂದೇ ಸಂಗತಿ ಹೇಳುತ್ತದೆ, ಎಷ್ಟಿದೆ ಎಂದು. ಅದು ಯಾರದು ಎಂದು ಹೇಳುವುದು ಪುಸ್ತಕ.

ಬಂಡವಾಳವನ್ನು ಸಾಲದ ಸಾಲಿನಲ್ಲಿ ಏಕೆ ಬರೆಯಬೇಕು ಎಂಬ ಪ್ರಶ್ನೆಯೂ ತರಗತಿಯಲ್ಲಿ ಬಂದೇ ಬರುತ್ತದೆ. ಗೋಪಾಲನೂ ಅಂಗಡಿಯೂ ಬೇರೆ ಬೇರೆ ಎಂದು ಲೆಕ್ಕ ಭಾವಿಸುತ್ತದೆ. ಅಂಗಡಿಗೆ ಕೇಶವ ಹೇಗೋ ಗೋಪಾಲನೂ ಹಾಗೆಯೇ. ಹಣ ಕೊಟ್ಟವನು, ಪಡೆಯತಕ್ಕವನು. ಹಬ್ಬಕ್ಕೆ ಮನೆಗೆ ಒಯ್ದ ಸಕ್ಕರೆಯನ್ನೂ ಬರೆದಿಡು ಎಂದು ಒತ್ತಾಯಿಸುವುದು ಈ ಬೇರ್ಪಡಿಕೆಯೇ. ಅಂಗಡಿಯ ಸಾಲ ಮನೆಯ ಬಾಗಿಲಿಗೂ, ಮನೆಯ ಖರ್ಚು ಅಂಗಡಿಯ ಬಾಗಿಲಿಗೂ ಬರುವ ಕುಟುಂಬಗಳಲ್ಲಿ ಇದನ್ನು ಪಾಲಿಸುವುದು ಪುಸ್ತಕದಲ್ಲಿ ಬರೆದಷ್ಟು ಸುಲಭವಲ್ಲ.

ನಮೂದುಗಳೆಲ್ಲ ಮುಗಿದ ಮೇಲೆ ತಾಳೆಪಟ್ಟಿ. ಎರಡು ಬದಿಯೂ ಸರಿಹೋಗಬೇಕು. ರಾತ್ರಿ ಹನ್ನೊಂದರವರೆಗೆ ಸರಿಹೋಗುವುದಿಲ್ಲ. ಹಳೆಯ ಗುಮಾಸ್ತರ ಬಳಿ ಇದಕ್ಕೊಂದು ಉಪಾಯವಿತ್ತು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುವುದು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು. 8,640 ಎಂಬುದನ್ನು 8,460 ಎಂದು ಬರೆದಿದ್ದರೆ ವ್ಯತ್ಯಾಸ 180, ಅಂದರೆ ಒಂಬತ್ತರ ಇಪ್ಪತ್ತರಷ್ಟು. ಯಾವ ಎರಡು ಅಕ್ಕಪಕ್ಕದ ಅಂಕಿಗಳನ್ನು ತಿರುಗಿಸಿದರೂ ಹೀಗೆಯೇ ಆಗುತ್ತದೆ. ಒಂಬತ್ತರಿಂದ ಭಾಗವಾಗದಿದ್ದರೆ ವ್ಯತ್ಯಾಸದ ಅರ್ಧ ಮೊತ್ತ ಎಲ್ಲಾದರೂ ಇದೆಯೇ ಎಂದು ಹುಡುಕುವುದು. ಅದು ತಪ್ಪು ಬದಿಯಲ್ಲಿ ಕೂತಿರುತ್ತದೆ. ಕಂಪ್ಯೂಟರ್ ಬಂದ ಮೇಲೆ ಈ ವಿದ್ಯೆ ಮರೆಯಾಗುತ್ತಿದೆ. ಒಂದು ಬದಿ ಬರೆದರೆ ಇನ್ನೊಂದನ್ನು ಯಂತ್ರವೇ ಬರೆಯುತ್ತದೆ. ತಾಳೆಯಾಗದಿರುವ ಪ್ರಶ್ನೆಯೇ ಇಲ್ಲ.

ಆದರೆ ತಾಳೆಯಾದದ್ದೆಲ್ಲ ಸತ್ಯವೆಂದಲ್ಲ. ಒಂದು ವ್ಯವಹಾರವನ್ನು ಬರೆಯದೇ ಬಿಟ್ಟರೂ ಪಟ್ಟಿ ತಾಳೆಯಾಗುತ್ತದೆ. ನಡೆಯದ ವ್ಯವಹಾರವನ್ನು ಎರಡೂ ಬದಿಗೆ ಬರೆದರೂ ತಾಳೆಯಾಗುತ್ತದೆ. ಪಠ್ಯಪುಸ್ತಕ ಇದನ್ನು ಒಂದೆರಡು ಪ್ಯಾರಾಗಳಲ್ಲಿ ಹೇಳಿ ಮುಗಿಸುತ್ತದೆ, ವಿದ್ಯಾರ್ಥಿಗಳು ಐದು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡುತ್ತಾರೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರದಿಂದ ಆ ಪ್ಯಾರಾಗಳ ತೂಕ ದೇಶಕ್ಕೆಲ್ಲ ಗೊತ್ತಾಯಿತು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಅವರೇ ಒಪ್ಪಿಕೊಂಡರು. ಡೆಬಿಟ್ಟಿಗೆ ಕ್ರೆಡಿಟ್ ಸರಿಯಾಗಿಯೇ ಇತ್ತು. ಹಣ ಇರಲಿಲ್ಲ.

ಇಂಥದ್ದನ್ನು ಹಿಡಿಯುವ ಬಲೆಯೂ ಮೊದಲ ವರ್ಷದ ಮನೆಲೆಕ್ಕದಲ್ಲೇ ಇದೆ. ಅದರ ಹೆಸರು ಬ್ಯಾಂಕ್ ಸಮನ್ವಯ ಪಟ್ಟಿ. ವಿದ್ಯಾರ್ಥಿಗಳಿಗೆ ಅದು ಬೇಸರದ ಪಾಠ. ನಗದು ಪುಸ್ತಕದಲ್ಲಿ ಒಂದು ಶಿಲ್ಕು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ನಡುವಿನ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು. ನಿಮ್ಮ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿ 15,000 ಇದೆ ಎನ್ನಿ. ನೀವು ಕೊಟ್ಟ 3,000ದ ಚೆಕ್ಕನ್ನು ಪಡೆದವನು ಇನ್ನೂ ಬ್ಯಾಂಕಿಗೆ ಹಾಕಿಲ್ಲ, ಅದನ್ನು ಕೂಡಿ. ನೀವು ಕಟ್ಟಿದ 2,000ದ ಚೆಕ್ಕು ಇನ್ನೂ ವಸೂಲಾಗಿಲ್ಲ, ಕಳೆಯಿರಿ. ಬ್ಯಾಂಕು ತನ್ನ ಶುಲ್ಕವೆಂದು 150 ಮುರಿದುಕೊಂಡಿದೆ, ನಿಮಗೆ ತಿಳಿದಿಲ್ಲ, ಅದನ್ನೂ ಕಳೆಯಿರಿ. ಪಾಸ್‌ಬುಕ್ಕಿನಲ್ಲಿ 15,850 ಇರಬೇಕು. ಇದ್ದರೆ ಸರಿ. ಇಲ್ಲದಿದ್ದರೆ ಇನ್ನೂ ಏನೋ ಇದೆ.

ಈ ಲೆಕ್ಕದ ಸತ್ತ್ವವೆಲ್ಲ ಇರುವುದು ಒಂದು ಸಣ್ಣ ಸಂಗತಿಯಲ್ಲಿ: ಎರಡನೆಯ ಪುಸ್ತಕವನ್ನು ಬರೆದವನು ನೀವಲ್ಲ, ಬ್ಯಾಂಕಿನವನು. ಗೋಪಾಲ ತನ್ನ ಪುಸ್ತಕದಲ್ಲಿ ಏನನ್ನಾದರೂ ಬರೆದುಕೊಳ್ಳಬಹುದು, ಪಾಸ್‌ಬುಕ್ಕಿನಲ್ಲಿ ಬರೆಯಲಾರ. ಸತ್ಯಂ ಪ್ರಕರಣದಲ್ಲಿ ಬ್ಯಾಂಕುಗಳಿಂದ ನೇರವಾಗಿ ದೃಢೀಕರಣ ಪಡೆಯುವ ಕ್ರಮವನ್ನು ಲೆಕ್ಕಪರಿಶೋಧಕರು ಸರಿಯಾಗಿ ಪಾಲಿಸಲಿಲ್ಲವೆಂದು ಅಮೆರಿಕದ ನಿಯಂತ್ರಕರು 2011ರಲ್ಲಿ ಆದೇಶ ಹೊರಡಿಸಿದರು. ಬ್ಯಾಂಕಿನ ಕಾಗದಗಳು ಅವರ ಕಡತದಲ್ಲಿ ಇದ್ದೇ ಇದ್ದವು. ಅವು ಬಂದದ್ದು ಬ್ಯಾಂಕಿನಿಂದಲ್ಲ, ಕಂಪನಿಯ ಕೈಯಿಂದ.